ದತ್ತಾಂಶ ಗಣಿಗಾರಿಕೆ ಮತ್ತು ಮಾಹಿತಿ ವ್ಯವಸ್ಥೆಗಳ ಸಂಶೋಧನೆ

ದತ್ತಾಂಶ ಗಣಿಗಾರಿಕೆ ಎಂಬುದು ಅಪಾರ ಪ್ರಮಾಣದ ದಾಖಲೆಗಳಲ್ಲಿ ಮೇಲ್ನೋಟಕ್ಕೆ ಕಾಣದ ಸಂಬಂಧ, ಗುಂಪು, ಒಲವು ಮತ್ತು ಅಪವಾದಗಳನ್ನು ಗಣಕಯಂತ್ರದ ನೆರವಿನಿಂದ ಹುಡುಕಿ ತೆಗೆಯುವ ವಿದ್ಯೆ. ಆ ದಾಖಲೆಗಳನ್ನು ಬರೆಯುವ, ಕಾಪಾಡುವ, ತಿದ್ದುವ ಮತ್ತು ಬೇಕಾದವರಿಗೆ ಒದಗಿಸುವ ಜನ, ಯಂತ್ರ ಹಾಗೂ ನಿಯಮಗಳ ಒಟ್ಟು ಏರ್ಪಾಡಿಗೆ ಮಾಹಿತಿ ವ್ಯವಸ್ಥೆ ಎಂದು ಹೆಸರು. ಬ್ಯಾಂಕಿನ ಖಾತೆ, ಆಸ್ಪತ್ರೆಯ ಕಡತ, ರೈಲಿನ ಮುಂಗಡ ಟಿಕೆಟು, ರೈತನ ಪಹಣಿ ಎಲ್ಲವೂ ಇಂಥ ವ್ಯವಸ್ಥೆಗಳಲ್ಲೇ ಹುಟ್ಟುತ್ತವೆ. ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯದನ್ನು ಗಣಕವಿಜ್ಞಾನ ಮತ್ತು ಸಂಖ್ಯಾಶಾಸ್ತ್ರದ ವಿಭಾಗಗಳೂ ಎರಡನೆಯದನ್ನು ಹೆಚ್ಚಾಗಿ ನಿರ್ವಹಣಾಶಾಸ್ತ್ರದ ವಿಭಾಗಗಳೂ ಅಧ್ಯಯನ ಮಾಡುತ್ತವೆ.

ಗಣಿ ಎಂಬ ಹೆಸರು ತನ್ನೊಡನೆ ಒಂದು ತಪ್ಪು ಕಲ್ಪನೆಯನ್ನೂ ತಂದಿದೆ. ಅದಿರು ನೆಲದೊಳಗೆ ತಾನಾಗಿ ಹುಟ್ಟಿದ್ದು. ಅಗೆಯುವವನು ಬರುವ ಮೊದಲೇ ಅದು ಅಲ್ಲಿತ್ತು. ದತ್ತಾಂಶಕ್ಕೆ ಅಂಥ ಹುಟ್ಟಿಲ್ಲ. ಯಾರೋ ಒಬ್ಬರು, ಯಾವುದೋ ಕೆಲಸಕ್ಕಾಗಿ, ಮೊದಲೇ ಗೆರೆ ಹಾಕಿಟ್ಟ ಅಂಕಣಗಳಲ್ಲಿ ಬರೆದಾಗ ಮಾತ್ರ ಅದು ಹುಟ್ಟುತ್ತದೆ. ಆದ್ದರಿಂದ ಅದನ್ನು ಕಡತ ಎಂದು ತಿಳಿಯುವುದೇ ಸರಿ. ಕಡತ ಓದುವವನು ಅದನ್ನು ಬರೆದವರು ಯಾರು, ಏಕೆ ಬರೆದರು, ಏನನ್ನು ಬರೆಯದೆ ಬಿಟ್ಟರು ಎಂದು ಕೇಳಲೇಬೇಕು. ಗಣಿಗಾರಿಕೆಯಿಂದ ದೊರೆಯುವ ಜ್ಞಾನದ ಬೆಲೆಯನ್ನು ನಿರ್ಧರಿಸುವಲ್ಲಿ ಗಣನವಿಧಾನದ ಜಾಣ್ಮೆಯಷ್ಟೇ ತೂಕ ದಾಖಲೆ ಹುಟ್ಟಿದ ವ್ಯವಸ್ಥೆಯ ಅರಿವಿಗೂ ಇದೆ. ಎರಡು ಸಂಶೋಧನೆಗಳೂ ಒಂದೇ ವಿದ್ಯೆಯ ಎರಡು ಕೈಗಳು. ಈ ಕ್ಷೇತ್ರದ ಇತಿಹಾಸ, ಸಾಧನೆ ಮತ್ತು ಸೋಲುಗಳು ಇದಕ್ಕೆ ಸಾಕ್ಷಿ ಹೇಳುತ್ತವೆ.

ದಾಖಲೆಯಿಂದ ಕೋಷ್ಟಕಕ್ಕೆ

ಯಂತ್ರದಿಂದ ಎಣಿಸುವ ದಾಖಲೆಯ ಚರಿತ್ರೆಯಲ್ಲಿ 1890ರ ಅಮೆರಿಕದ ಜನಗಣತಿ ಒಂದು ಮುಖ್ಯ ಘಟ್ಟ. ಹರ್ಮನ್ ಹೊಲೆರಿತ್ ರೂಪಿಸಿದ ಯಂತ್ರಗಳು ರಂಧ್ರ ಕೊರೆದ ಕಾರ್ಡುಗಳನ್ನು ಎಣಿಸಿದವು. ಒಬ್ಬ ವ್ಯಕ್ತಿಗೆ ಒಂದು ಕಾರ್ಡು, ಒಂದು ಉತ್ತರಕ್ಕೆ ಒಂದು ರಂಧ್ರ. ಯಾವ ಉತ್ತರಕ್ಕೆ ಕಾರ್ಡಿನಲ್ಲಿ ಜಾಗವಿಲ್ಲವೋ ಆ ಉತ್ತರ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ವಿದ್ಯುನ್ಮಾನ ಯುಗದಲ್ಲಿ ಈ ನಿರ್ಬಂಧ ಸೂಕ್ಷ್ಮವಾಯಿತೇ ಹೊರತು ಅಳಿಯಲಿಲ್ಲ. 1960ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಚಾರ್ಲ್ಸ್ ಬಾಕ್‌ಮನ್ ರೂಪಿಸಿದ ದತ್ತಸಂಚಯದಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಕ್ರಮವಿಧಿ ಬರೆಯುವವನೇ ಬಲ್ಲವನಾಗಿರಬೇಕಿತ್ತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಈ ಹೊರೆಯನ್ನು ಇಳಿಸಿದರು. ದತ್ತಾಂಶವನ್ನು ಸರಳ ಕೋಷ್ಟಕಗಳಾಗಿ ಕಲ್ಪಿಸಿಕೊಂಡರೆ ಅದು ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ಬಳಕೆದಾರ ತಿಳಿಯಬೇಕಿಲ್ಲ ಎಂಬುದು ಅವರ ಸಂಬಂಧಾತ್ಮಕ ಮಾದರಿಯ ತಿರುಳು. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇದಕ್ಕೊಪ್ಪುವ ಪ್ರಶ್ನಭಾಷೆಯನ್ನು ಕೊಟ್ಟರು. ಅದೇ ಇಂದಿನ ಎಸ್‌ಕ್ಯೂಎಲ್. 1976ರಲ್ಲಿ ಪೀಟರ್ ಚೆನ್ ವಸ್ತು ಮತ್ತು ಸಂಬಂಧಗಳ ನಕ್ಷೆಯಿಂದ ದತ್ತಸಂಚಯವನ್ನು ವಿನ್ಯಾಸಗೊಳಿಸುವ ಕ್ರಮ ತಂದರು. ಲೋಕದಲ್ಲಿ ಯಾವುದು ಒಂದು ‘ವಸ್ತು’, ಯಾವುದು ಅದರ ಗುಣ, ಯಾವುದಕ್ಕೆ ಯಾವುದರೊಡನೆ ಸಂಬಂಧ ಎಂಬ ತೀರ್ಮಾನ ಆ ನಕ್ಷೆ ಬರೆಯುವಾಗಲೇ ಆಗಿಬಿಡುತ್ತದೆ. ವರ್ಷಗಳ ನಂತರ ಗಣಿಗಾರಿಕೆಗೆ ಬರುವವನ ನೋಟ ಆ ಗೆರೆಗಳೊಳಗೇ ಓಡಾಡಬೇಕು.

ಇದೇ ಅವಧಿಯಲ್ಲಿ ಮಾಹಿತಿ ವ್ಯವಸ್ಥೆ ಒಂದು ಸ್ವತಂತ್ರ ಅಧ್ಯಯನವಾಗಿ ಬೆಳೆಯಿತು. ಸ್ವೀಡನ್ನಿನ ಬೋರ್ಯೆ ಲ್ಯಾಂಗೆಫೋರ್ಸ್ ದತ್ತಾಂಶಕ್ಕೂ ಮಾಹಿತಿಗೂ ಇರುವ ವ್ಯತ್ಯಾಸವನ್ನು ಒಂದು ಸೂತ್ರವಾಗಿ ಹೇಳಿದರು: ಓದುವವನಿಗೆ ದೊರೆಯುವ ಮಾಹಿತಿ ದತ್ತಾಂಶವನ್ನು, ಅವನಿಗಿರುವ ಪೂರ್ವಜ್ಞಾನವನ್ನು ಮತ್ತು ಅರ್ಥಮಾಡಿಕೊಳ್ಳಲು ಸಿಕ್ಕ ಸಮಯವನ್ನು ಅವಲಂಬಿಸಿದೆ. 1977ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಿಂದ ಎಂಐಎಸ್ ಕ್ವಾರ್ಟರ್ಲಿ ಪತ್ರಿಕೆ ಆರಂಭವಾಯಿತು. 1992ರಲ್ಲಿ ವಿಲಿಯಂ ಡಿಲೋನ್ ಮತ್ತು ಎಫ್ರೇಮ್ ಮೆಕ್ಲೀನ್ ಸುಮಾರು 180 ಅಧ್ಯಯನಗಳನ್ನು ಪರಿಶೀಲಿಸಿ, ವ್ಯವಸ್ಥೆಯ ಯಶಸ್ಸನ್ನು ಅದರ ಗುಣಮಟ್ಟ, ಮಾಹಿತಿಯ ಗುಣಮಟ್ಟ, ಬಳಕೆ, ಬಳಕೆದಾರರ ತೃಪ್ತಿ, ವ್ಯಕ್ತಿಯ ಮೇಲಿನ ಮತ್ತು ಸಂಸ್ಥೆಯ ಮೇಲಿನ ಪರಿಣಾಮ ಎಂಬ ಆರು ನೆಲೆಗಳಲ್ಲಿ ಅಳೆಯಬೇಕೆಂದರು. 1996ರಲ್ಲಿ ರಿಚರ್ಡ್ ವಾಂಗ್ ಮತ್ತು ಡಯೇನ್ ಸ್ಟ್ರಾಂಗ್ ದತ್ತಾಂಶ ಬಳಸುವವರನ್ನೇ ಕೇಳಿ, ಅವರ ದೃಷ್ಟಿಯಲ್ಲಿ ಗುಣಮಟ್ಟಕ್ಕೆ 15 ಮುಖಗಳಿವೆ ಎಂದು ತೋರಿಸಿದರು. ಅಂಕಿ ತಪ್ಪಿಲ್ಲದೆ ಇರುವುದು ಅವುಗಳಲ್ಲಿ ಒಂದು ಮಾತ್ರ. ಸಕಾಲಿಕತೆ, ಸಂಪೂರ್ಣತೆ, ಪ್ರಸ್ತುತತೆ, ಅರ್ಥವಾಗುವಿಕೆ ಮೊದಲಾದವೂ ಅಷ್ಟೇ ಮುಖ್ಯ.

ಗಣಿಗಾರಿಕೆಯ ವಿಧಾನಗಳು

1989ರಲ್ಲಿ ಗ್ರೆಗರಿ ಪಿಯಾಟೆಟ್‌ಸ್ಕಿ-ಶಪಿರೊ ಡೆಟ್ರಾಯಿಟ್‌ನಲ್ಲಿ ದತ್ತಸಂಚಯಗಳಿಂದ ಜ್ಞಾನಾನ್ವೇಷಣೆ ಎಂಬ ವಿಚಾರಗೋಷ್ಠಿಯನ್ನು ನಡೆಸಿದರು. 1995ರಲ್ಲಿ ಮಾಂಟ್ರಿಯಲ್‌ನಲ್ಲಿ ಅದೇ ವಿಷಯದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಈ ಕ್ಷೇತ್ರ ಹಲವು ಕವಲುಗಳಾಗಿ ಬೆಳೆದಿದೆ. ಹೊಸ ಪ್ರಕರಣ ಯಾವ ಬಗೆಗೆ ಸೇರುತ್ತದೆ ಎಂದು ಹೇಳುವ ವರ್ಗೀಕರಣಕ್ಕೆ ಲಿಯೊ ಬ್ರೈಮನ್ ಮತ್ತು ಸಂಗಡಿಗರ 1984ರ ಗ್ರಂಥವೂ ರಾಸ್ ಕ್ವಿನ್ಲನ್ 1993ರಲ್ಲಿ ವಿವರಿಸಿದ ನಿರ್ಣಯ ವೃಕ್ಷದ ವಿಧಾನವೂ ಬುನಾದಿ ಹಾಕಿದವು. ಹೋಲುವವನ್ನು ಒಟ್ಟುಗೂಡಿಸುವ ಗುಚ್ಛೀಕರಣದಲ್ಲಿ ಜೇಮ್ಸ್ ಮ್ಯಾಕ್‌ಕ್ವೀನ್ 1967ರಲ್ಲಿ ಹೆಸರಿಟ್ಟ ಕೆ-ಮೀನ್ಸ್ ವಿಧಾನ ಇಂದಿಗೂ ಬಳಕೆಯಲ್ಲಿದೆ. 1996ರ ಡಿಬಿಸ್ಕ್ಯಾನ್ ಒತ್ತಾಗಿರುವ ಗುಂಪುಗಳನ್ನು ಅವು ಯಾವ ಆಕಾರದಲ್ಲಿದ್ದರೂ ಗುರುತಿಸಿ, ಯಾವ ಗುಂಪಿಗೂ ಸೇರದವನ್ನು ಹೊರಗಿಡುತ್ತದೆ. ಈ ಕ್ಷೇತ್ರದ ಸ್ವಂತ ಕೊಡುಗೆ ಎನ್ನಬಹುದಾದದ್ದು ಯಾವುದರ ಜತೆ ಯಾವುದು ಬರುತ್ತದೆಂದು ಹೇಳುವ ಸಾಹಚರ್ಯ ನಿಯಮಗಳು. ಐಬಿಎಂನ ಅಲ್ಮಡೆನ್ ಕೇಂದ್ರದಲ್ಲಿ ರಾಕೇಶ್ ಅಗ್ರವಾಲ್ ಮತ್ತು ಸಂಗಡಿಗರು 1993ರಲ್ಲಿ ಇವನ್ನು ನಿರೂಪಿಸಿದರು. 1994ರಲ್ಲಿ ಅಗ್ರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ ಅವನ್ನು ಬೇಗ ಹುಡುಕುವ ಅಪ್ರಿಯೊರಿ ವಿಧಾನವನ್ನು ಪ್ರಕಟಿಸಿದರು.

ಅಪ್ರಿಯೊರಿಯ ಹಿಂದಿನ ಯೋಚನೆ ಸರಳ ಮತ್ತು ಸುಂದರ. ಒಂದು ಅಂಗಡಿಯ ಬಿಲ್ಲುಗಳಲ್ಲಿ ಎಳ್ಳು ಮತ್ತು ಬೆಲ್ಲ ಒಟ್ಟಿಗೆ ಬರುವುದೇ ಅಪರೂಪವಾದರೆ ಎಳ್ಳು, ಬೆಲ್ಲ, ಕೊಬ್ಬರಿ ಮೂರೂ ಒಟ್ಟಿಗೆ ಬರುವುದು ಅದಕ್ಕಿಂತ ಹೆಚ್ಚಾಗಲಾರದು. ಆ ಮೂರರ ಲೆಕ್ಕವನ್ನು ಮಾಡುವುದೇ ಬೇಡ. ಅಂಗಡಿಯಲ್ಲಿ 1,000 ಬಗೆಯ ಸರಕಿದ್ದರೆ ಎರಡೆರಡರ ಜೋಡಿಗಳು 4,99,500, ಮೂರುಮೂರರ ಗುಂಪುಗಳು 16 ಕೋಟಿಗೂ ಮೀರಿ ಆಗುತ್ತವೆ. ಹೀಗೆ ಸವರುತ್ತ ಹೋಗದಿದ್ದರೆ ಹುಡುಕಾಟ ಮುಗಿಯುವುದೇ ಇಲ್ಲ. ಆದರೆ ಇದೇ ಎಣಿಕೆ ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ಸಾವಿರಕ್ಕೆ ಒಂದರಂತೆ ಕೇವಲ ಆಕಸ್ಮಿಕವಾಗಿ ಒಂದು ಜೋಡಿ ‘ಗಮನಾರ್ಹ’ವಾಗಿ ಕಾಣುತ್ತದೆ ಎಂದುಕೊಂಡರೂ ಸುಮಾರು 500 ಹುಸಿ ಜೋಡಿಗಳು ಕೈಗೆ ಬರುತ್ತವೆ. ನಿಜವಾದ ಜೋಡಿಗೂ ಅದರ ಅರ್ಥ ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಜನವರಿಯ ಎರಡು ವಾರಗಳಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಒಟ್ಟಾಗಿ ಮಾರಾಟವಾದದ್ದನ್ನು ಯಂತ್ರ ಹಿಡಿಯಬಲ್ಲದು. ಅದು ಸಂಕ್ರಾಂತಿ ಎಂದು ತಿಳಿಯದ ವ್ಯಾಪಾರಿ ಅದೇ ನಿಯಮವನ್ನು ನಂಬಿ ಜೂನ್‌ನಲ್ಲಿ ದಾಸ್ತಾನು ತರಿಸಿದರೆ ನಷ್ಟವೇ ಗತಿ. ಲ್ಯಾಂಗೆಫೋರ್ಸರ ಸೂತ್ರದಲ್ಲಿನ ‘ಪೂರ್ವಜ್ಞಾನ’ ಎಂಬ ಪದದ ತೂಕ ಇದು. ಗಣಿಗಾರಿಕೆಯ ಪ್ರವರ್ತಕರೂ ಇದನ್ನು ಬಲ್ಲವರಾಗಿದ್ದರು. ಉಸಾಮಾ ಫಯ್ಯಾದ್, ಪಿಯಾಟೆಟ್‌ಸ್ಕಿ-ಶಪಿರೊ ಮತ್ತು ಪ್ಯಾಡ್ರಿಕ್ ಸ್ಮಿತ್ 1996ರ ತಮ್ಮ ಲೇಖನದಲ್ಲಿ ಜ್ಞಾನಾನ್ವೇಷಣೆಯ ಹಲವು ಹಂತಗಳಲ್ಲಿ ಗಣಿಗಾರಿಕೆಯನ್ನು ಒಂದು ಹಂತವಾಗಿ ಮಾತ್ರ ಎಣಿಸಿದರು. 2000ದ ವೇಳೆಗೆ ಉದ್ಯಮದಲ್ಲಿ ನೆಲೆಯೂರಿದ ಕ್ರಿಸ್ಪ್-ಡಿಎಂ ಕಾರ್ಯಕ್ರಮದ ಆರು ಹಂತಗಳಲ್ಲಿ ಮೊದಲೆರಡು ವ್ಯವಹಾರವನ್ನು ಅರಿಯುವುದು ಮತ್ತು ದತ್ತಾಂಶವನ್ನು ಅರಿಯುವುದು.

ಖಾಲಿ ಮನೆಯ ಅರ್ಥ

ಕೋಷ್ಟಕದ ಒಂದು ಖಾಲಿ ಮನೆ ದಾಖಲೆಯ ಹುಟ್ಟನ್ನು ಅರಿಯಬೇಕೆಂಬ ಈ ವಾದಕ್ಕೆ ಅತ್ಯಂತ ಚಿಕ್ಕ, ಅತ್ಯಂತ ಸ್ಪಷ್ಟ ಉದಾಹರಣೆ. ಮನೆ ಖಾಲಿ ಇರುವುದು ಉತ್ತರ ಗೊತ್ತಿಲ್ಲದ್ದರಿಂದಲೋ, ಆ ಪ್ರಶ್ನೆಯೇ ಆ ವ್ಯಕ್ತಿಗೆ ಅನ್ವಯಿಸದ್ದರಿಂದಲೋ? ಫೋನ್ ಸಂಖ್ಯೆ ತಿಳಿಯದಿರುವುದು ಬೇರೆ, ಫೋನೇ ಇಲ್ಲದಿರುವುದು ಬೇರೆ. ಕಾಡ್ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, 1990ರ ತಮ್ಮ ಗ್ರಂಥದಲ್ಲಿ ಇವೆರಡಕ್ಕೂ ಬೇರೆಬೇರೆ ಗುರುತುಗಳಿರಬೇಕೆಂದು ವಾದಿಸಿದರು. ಬಳಕೆಗೆ ಬಂದ ವ್ಯವಸ್ಥೆಗಳು ಒಂದೇ ಗುರುತಿಗೆ ತೃಪ್ತಿಪಟ್ಟವು. ಇದರ ಪರಿಣಾಮವನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ವೈನ್ ಭಂಡಾರದ ಮೂಲಕ ಜಗತ್ತಿನಾದ್ಯಂತ ಪಾಠಕ್ಕೂ ಪರೀಕ್ಷೆಗೂ ಬಳಕೆಯಾದ ಒಂದು ಮಧುಮೇಹ ದತ್ತಸಮೂಹದಲ್ಲಿ ನೋಡಬಹುದು. ಅಮೆರಿಕದ ಪಿಮಾ ಬುಡಕಟ್ಟಿನ 768 ಮಹಿಳೆಯರ ದಾಖಲೆಗಳು ಅದರಲ್ಲಿವೆ. ಇನ್ಸುಲಿನ್ ಅಂಕಣದಲ್ಲಿ 374 ಕಡೆ, ಚರ್ಮದ ಮಡಿಕೆಯ ದಪ್ಪದ ಅಂಕಣದಲ್ಲಿ 227 ಕಡೆ, ರಕ್ತದೊತ್ತಡದ ಅಂಕಣದಲ್ಲಿ 35 ಕಡೆ ಸೊನ್ನೆ ಇದೆ. ಬದುಕಿರುವ ಮನುಷ್ಯರ ರಕ್ತದೊತ್ತಡ ಸೊನ್ನೆಯಾಗಿರದು. ಅಳೆಯದೆ ಬಿಟ್ಟಿದ್ದನ್ನು ಯಾರೋ ಸೊನ್ನೆ ಎಂದು ಬರೆದಿದ್ದಾರೆ. ಇದನ್ನು ಗಮನಿಸದೆ ಆ ದಾಖಲೆಯ ಮೇಲೆ ಹೊಸ ವಿಧಾನವೊಂದು ಶೇಕಡಾ ಒಂದೆರಡರಷ್ಟು ಹೆಚ್ಚು ನಿಖರತೆ ಸಾಧಿಸಿತೆಂದು ಹೇಳಿಕೊಂಡರೆ, ಅದು ರೋಗದ ಬಗ್ಗೆ ಕಲಿತದ್ದೆಷ್ಟು, ದಾಖಲೆ ಬರೆದವರ ಅಭ್ಯಾಸದ ಬಗ್ಗೆ ಕಲಿತದ್ದೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ಮೂರು ಆಕ್ಷೇಪಗಳು

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಾತ್ರದ್ದು. ದಾಖಲೆ ಕೋಟಿಗಟ್ಟಲೆ ಇದ್ದರೆ ಸಣ್ಣಪುಟ್ಟ ದೋಷಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಹುಟ್ಟಿನ ಚಿಂತೆ ಬೇಡ ಎನ್ನುವವರಿದ್ದಾರೆ. 2008ರಲ್ಲಿ ಪತ್ರಕರ್ತ ಕ್ರಿಸ್ ಆಂಡರ್ಸನ್ ಸಿದ್ಧಾಂತಗಳ ಕಾಲವೇ ಮುಗಿಯಿತೆಂದು ವಾದಿಸಿದ್ದರು. ಅದೇ ವರ್ಷ ಆರಂಭವಾದ ಗೂಗಲ್ ಫ್ಲೂ ಟ್ರೆಂಡ್ಸ್ ಈ ನಂಬಿಕೆಗೆ ದೊಡ್ಡ ಪರೀಕ್ಷೆಯಾಯಿತು. ಜನ ಹುಡುಕುವ ಪದಗಳಿಂದ ಫ್ಲೂ ಜ್ವರದ ಹರಡುವಿಕೆಯನ್ನು ಸರ್ಕಾರಿ ವರದಿಗಿಂತ ಮೊದಲೇ ಅಂದಾಜು ಮಾಡುವುದು ಅದರ ಗುರಿ. ಸುಮಾರು 5 ಕೋಟಿ ಹುಡುಕುಪದಗಳಲ್ಲಿ ಫ್ಲೂ ಜ್ವರದ 1,152 ಅಳತೆಗಳಿಗೆ ಹೊಂದುವವನ್ನು ಆಯ್ದುಕೊಳ್ಳಲಾಗಿತ್ತು. ಆಗಸ್ಟ್ 2011ರಿಂದ ಮುಂದಿನ 108 ವಾರಗಳಲ್ಲಿ 100 ವಾರ ಅದರ ಅಂದಾಜು ವಾಸ್ತವಕ್ಕಿಂತ ಹೆಚ್ಚಾಗಿತ್ತು ಎಂದು ಡೇವಿಡ್ ಲೇಜರ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಹುಡುಕುವ ಸೇವೆಯೇ ಕಾಲಕಾಲಕ್ಕೆ ಬದಲಾಗುತ್ತ ಜನರಿಗೆ ಪದಗಳನ್ನು ಸೂಚಿಸುತ್ತಿದ್ದದ್ದನ್ನು ಅವರು ಒಂದು ಸಂಭವನೀಯ ಕಾರಣವಾಗಿ ಗುರುತಿಸಿದರು. ಅಳತೆಗೋಲೇ ಉದ್ದ ಬದಲಿಸುತ್ತಿರುವಾಗ ಅಳತೆಗಳ ಸಂಖ್ಯೆ ಹೆಚ್ಚಿದರೆ ಪ್ರಯೋಜನವಿಲ್ಲ. ಗಾತ್ರ ಆಕಸ್ಮಿಕ ತಪ್ಪುಗಳನ್ನು ತಗ್ಗಿಸುತ್ತದೆ. ಒಂದೇ ದಿಕ್ಕಿಗೆ ವಾಲಿದ ತಪ್ಪನ್ನು ಇನ್ನಷ್ಟು ಗಟ್ಟಿ ದನಿಯಲ್ಲಿ ಹೇಳಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಭವಿಷ್ಯವನ್ನು ಸರಿಯಾಗಿ ಹೇಳಿದರೆ ಸಾಕು, ಕಾರಣ ತಿಳಿಯಬೇಕಿಲ್ಲ. ಬ್ರೈಮನ್ 2001ರಲ್ಲಿ ಸಂಖ್ಯಾಶಾಸ್ತ್ರದ ಎರಡು ಸಂಸ್ಕೃತಿಗಳ ಬಗ್ಗೆ ಬರೆದಾಗ ಮುನ್ಸೂಚನೆಯ ನಿಖರತೆಗೆ ಕೊಟ್ಟ ಗೌರವ ನ್ಯಾಯವಾದದ್ದೇ. ಅನಗತ್ಯ ಇ-ಮೇಲನ್ನು ಬೇರ್ಪಡಿಸಲು, ಸಿನಿಮಾ ಸೂಚಿಸಲು ಕಾರಣದ ಹಂಗಿಲ್ಲ. ಆದರೆ ಮುನ್ಸೂಚನೆಯನ್ನು ನಂಬಿ ಮನುಷ್ಯರ ಮೇಲೆ ಕ್ರಮ ಕೈಗೊಳ್ಳುವಾಗ ಲೆಕ್ಕ ಬೇರೆಯಾಗುತ್ತದೆ. 1990ರ ದಶಕದಲ್ಲಿ ನ್ಯುಮೋನಿಯಾ ರೋಗಿಗಳ ಸಾವಿನ ಅಪಾಯವನ್ನು ಅಂದಾಜು ಮಾಡುವ ಅಮೆರಿಕದ ಒಂದು ಯೋಜನೆಯಲ್ಲಿ ನರಜಾಲ ವಿಧಾನ ಉಳಿದವಕ್ಕಿಂತ ನಿಖರವಾಗಿತ್ತು. ಅದೇ ದಾಖಲೆಗಳಿಂದ ಕಲಿತ, ಓದಲು ಬರುವ ನಿಯಮಗಳ ಇನ್ನೊಂದು ಮಾದರಿ ಆಸ್ತಮಾ ಇರುವವರಿಗೆ ಅಪಾಯ ಕಡಿಮೆ ಎಂದಿತು. ರಿಚ್ ಕರೂವಾನಾ ಮತ್ತು ಸಂಗಡಿಗರು 2015ರಲ್ಲಿ ವಿವರಿಸಿದಂತೆ, ಆಸ್ತಮಾ ರೋಗಿಗಳನ್ನು ವೈದ್ಯರು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದದ್ದರಿಂದಲೇ ಅವರು ಹೆಚ್ಚಾಗಿ ಬದುಕುಳಿದಿದ್ದರು. ದಾಖಲೆಯ ಮಟ್ಟಿಗೆ ನಿಯಮ ನಿಜ. ಅದನ್ನು ಪಾಲಿಸಿ ಅವರನ್ನು ಮನೆಗೆ ಕಳಿಸಿದ್ದರೆ ಜೀವಕ್ಕೆ ಕುತ್ತು. ನರಜಾಲವೂ ಇಂಥದ್ದನ್ನು ಒಳಗೊಳಗೇ ಕಲಿತಿರಬಹುದೆಂಬ ಭಯದಿಂದ ಅದನ್ನು ಬಳಸದೆ ಬಿಡಲಾಯಿತು. 2019ರಲ್ಲಿ ಝಿಯಾದ್ ಓಬರ್ಮೇಯರ್ ಮತ್ತು ಸಂಗಡಿಗರು ಇನ್ನೊಂದನ್ನು ಬಯಲಿಗೆ ತಂದರು. ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ಹೇಳಲು ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ವಿಧಾನ ರೋಗದ ಬದಲು ಚಿಕಿತ್ಸೆಯ ಖರ್ಚನ್ನು ಅಂದಾಜು ಮಾಡುತ್ತಿತ್ತು. ಕಪ್ಪು ಜನರ ಚಿಕಿತ್ಸೆಗೆ ಮೊದಲಿಂದಲೂ ಕಡಿಮೆ ಖರ್ಚಾಗುತ್ತಿದ್ದದ್ದರಿಂದ ಅಷ್ಟೇ ಕಾಯಿಲೆಯಿದ್ದರೂ ಅವರು ಹಿಂದೆ ಬೀಳುತ್ತಿದ್ದರು. ಈ ಅಸಮತೆಯನ್ನು ಸರಿಪಡಿಸಿದರೆ ಹೆಚ್ಚಿನ ನೆರವು ಪಡೆಯುವ ಕಪ್ಪು ರೋಗಿಗಳ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತದೆ ಎಂದು ಅವರು ಲೆಕ್ಕ ಹಾಕಿದರು. ಬಿಲ್ಲು ಮಾಡಲು ಹುಟ್ಟಿದ ದಾಖಲೆಯನ್ನು ಆರೋಗ್ಯದ ದಾಖಲೆಯೆಂದು ಓದಿದ್ದೇ ಇಲ್ಲಿನ ತಪ್ಪು.

ಮೂರನೆಯ ಆಕ್ಷೇಪ ವ್ಯವಹಾರಜ್ಞಾನದ್ದು. ದೋಷವಿಲ್ಲದ ದಾಖಲೆ ಎಲ್ಲಿಯೂ ಇಲ್ಲ. ಅದಕ್ಕಾಗಿ ಕಾದರೆ ಸಂಶೋಧನೆಯೇ ನಡೆಯದು. ಇದಕ್ಕೆ ಉತ್ತರವು ಭಾರತದ ಸಂಖ್ಯಾಶಾಸ್ತ್ರದ ಪರಂಪರೆಯಲ್ಲೇ ಇದೆ. 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಒಂದೇ ಪ್ರದೇಶಕ್ಕೆ ಪರಸ್ಪರ ಹೆಣೆದುಕೊಂಡ ಎರಡು ಮಾದರಿಗಳನ್ನು ಆಯ್ದು, ಬೇರೆಬೇರೆ ತಂಡಗಳಿಂದ ಸ್ವತಂತ್ರವಾಗಿ ಎಣಿಕೆ ಮಾಡಿಸಿದರು. ಎರಡು ಎಣಿಕೆಗಳ ನಡುವಿನ ಅಂತರವೇ ಎಣಿಸುವವರ ತಪ್ಪನ್ನೂ ಒಳಗೊಂಡ ಒಟ್ಟು ತಪ್ಪಿನ ಅಳತೆಯಾಯಿತು. ದೋಷವಿಲ್ಲದ ದಾಖಲೆಗಾಗಿ ಕಾಯದೆ ದೋಷವನ್ನೇ ಅಳೆಯುವಂತೆ ವ್ಯವಸ್ಥೆಯನ್ನು ಕಟ್ಟಿದ್ದು ಅವರ ಹಿರಿಮೆ. ಇಂದಿನ ದತ್ತಾಂಶ ವಿಜ್ಞಾನದಲ್ಲೂ ಬಳಕೆಯಲ್ಲಿರುವ ಮಹಲನೋಬಿಸ್ ಅಂತರವನ್ನು 1936ರಲ್ಲಿ ಕೊಟ್ಟವರೂ ಅವರೇ. ಗಣನವಿಧಾನ ಮತ್ತು ದಾಖಲೆಯ ವ್ಯವಸ್ಥೆ ಎರಡನ್ನೂ ಒಂದೇ ಮನಸ್ಸು ಯೋಚಿಸಬಲ್ಲದು ಎಂಬುದಕ್ಕೆ ಅವರ ಕೆಲಸ ನಿದರ್ಶನ.

ಖಾಸಗಿತನ

ದಾಖಲೆಯಿಂದ ಹೆಸರು ಅಳಿಸಿದರೆ ವ್ಯಕ್ತಿಯ ಗುರುತೂ ಅಳಿಯುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಅಂಚೆ ಪ್ರದೇಶ, ಹುಟ್ಟಿದ ದಿನಾಂಕ ಮತ್ತು ಲಿಂಗ ಈ ಮೂರೇ ಅಮೆರಿಕದ ಶೇಕಡಾ 87ರಷ್ಟು ಜನರನ್ನು ಗುರುತಿಸಲು ಸಾಕಾಗಬಹುದೆಂದು ಲಟಾನ್ಯಾ ಸ್ವೀನಿ 1990ರ ಜನಗಣತಿಯ ಆಧಾರದಿಂದ ತೋರಿಸಿದರು. ನೆಟ್‌ಫ್ಲಿಕ್ಸ್ ಸಂಸ್ಥೆ 2006ರಲ್ಲಿ 10 ಲಕ್ಷ ಡಾಲರ್ ಬಹುಮಾನ ಘೋಷಿಸಿ, ಸುಮಾರು 4.8 ಲಕ್ಷ ಗ್ರಾಹಕರು ಕೊಟ್ಟ 10 ಕೋಟಿ ಸಿನಿಮಾ ಅಂಕಗಳನ್ನು ಹೆಸರಿಲ್ಲದೆ ಸಂಶೋಧಕರಿಗೆ ಬಿಟ್ಟುಕೊಟ್ಟಿತು. ಶಿಫಾರಸು ವಿಧಾನಗಳ ಸಂಶೋಧನೆಗೆ ಅದು ದೊಡ್ಡ ಬಲ ಕೊಟ್ಟಿತು. 2009ರಲ್ಲಿ ಶಿಫಾರಸಿನ ನಿಖರತೆಯಲ್ಲಿ ಶೇಕಡಾ 10ರ ಸುಧಾರಣೆಯ ಗುರಿ ಮುಟ್ಟಿದ ತಂಡಕ್ಕೆ ಬಹುಮಾನ ಸಂದಿತು. ಅಷ್ಟರಲ್ಲಿ ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ ಬೇರೆಡೆ ಬಹಿರಂಗವಾಗಿದ್ದ ಅಂಕಗಳೊಡನೆ ಹೋಲಿಸಿ ಕೆಲವರನ್ನು ಗುರುತಿಸಬಹುದೆಂದು ತೋರಿಸಿದ್ದರು. ಎರಡನೆಯ ಸ್ಪರ್ಧೆ ರದ್ದಾಯಿತು. 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು ರೂಪಿಸಿದ ಡಿಫರೆನ್ಷಿಯಲ್ ಪ್ರೈವಸಿ ಇದಕ್ಕೆ ಗಟ್ಟಿಯಾದ ಉತ್ತರ. ಒಬ್ಬ ವ್ಯಕ್ತಿಯ ದಾಖಲೆ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗುವಂತೆ ಲೆಕ್ಕಕ್ಕೆ ಅಳೆದು ಅನಿಶ್ಚಿತತೆ ಬೆರೆಸುವ ಕ್ರಮ ಅದು. 2020ರ ಅಮೆರಿಕದ ಜನಗಣತಿ ಇದನ್ನು ಬಳಸಿತು. ಸಣ್ಣ ಊರುಗಳ ಅಂಕಿಗಳು ಕೆಡುತ್ತವೆ ಎಂಬ ದೂರು ಸುಳ್ಳಲ್ಲ. ಆದರೆ ಎಷ್ಟು ನಿಖರತೆಗೆ ಎಷ್ಟು ಗೌಪ್ಯ ಬಿಟ್ಟುಕೊಡುತ್ತೇವೆ ಎಂಬುದು ಗುಟ್ಟಾಗಿ ಉಳಿಯದೆ ಬಹಿರಂಗ ತೀರ್ಮಾನವಾಗುವುದೇ ಈ ವಿಧಾನದ ನೈತಿಕ ಲಾಭ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 24 ಆಗಸ್ಟ್ 2017ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂತು. ಹೇಳಿದ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬ ತತ್ವಕ್ಕೂ, ಮೊದಲು ಯೋಚಿಸದ ಉಪಯೋಗವನ್ನೇ ಹುಡುಕುವ ಗಣಿಗಾರಿಕೆಗೂ ಸಹಜವಾಗಿ ತಿಕ್ಕಾಟವಿದೆ. ದಾಖಲೆ ಏಕೆ ಹುಟ್ಟಿತೆಂಬ ಪ್ರಶ್ನೆ ಇಲ್ಲಿ ಕಾನೂನಿನ ಪ್ರಶ್ನೆಯೂ ಆಗುತ್ತದೆ.

ಕರ್ನಾಟಕದ ಎರಡು ಪಾಠಗಳು

ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಮಾಹಿತಿ ವ್ಯವಸ್ಥೆಗಳ ಅಧ್ಯಯನದಲ್ಲಿ ಲೋಕವೇ ಗಮನಿಸಿದ ಪ್ರಯೋಗ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಗಣಕಕ್ಕೆ ಬಂದು, ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಸಿಗತೊಡಗಿದವು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ನಿಯಮವನ್ನು ವ್ಯವಸ್ಥೆಯೊಳಗೇ ಕೂರಿಸಿದ್ದರಿಂದ, ಹಿಂದೆ ಯಾರೂ ಬರೆದಿಡದ ಒಂದು ಸಂಗತಿ, ವಿಳಂಬ, ಮೊದಲ ಬಾರಿಗೆ ಎಣಿಕೆಗೆ ಸಿಕ್ಕಿತು. ಆದರೆ ಪಹಣಿಯ ಮೌನಗಳೂ ಹಾಗೆಯೇ ಗಣಕಕ್ಕೆ ಬಂದವು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿದ ಮೇಲೆ, ಬಾಯಿಮಾತಿನ ಗೇಣಿಗೋ ಕೋರಿಗೋ ಉಳುವವನ ಹೆಸರು ದಾಖಲೆ ಸೇರುವ ದಾರಿ ಮುಚ್ಚಿತು. ಆ 2 ಕೋಟಿ ದಾಖಲೆಗಳನ್ನು ಎಷ್ಟೇ ಜಾಣ್ಮೆಯಿಂದ ಅಗೆದರೂ ಅವನು ಸಿಗುವುದಿಲ್ಲ. ಬೆಳೆ ಪರಿಹಾರದ ಲೆಕ್ಕದಲ್ಲೂ ಅವನು ಸುಲಭವಾಗಿ ಬಿಟ್ಟುಹೋಗುತ್ತಾನೆ. ದಾಖಲೆ ಕೇಂದ್ರೀಕೃತವಾದದ್ದರಿಂದ ದೊಡ್ಡ ಭೂ ವ್ಯವಹಾರಸ್ಥರಿಗೇ ಹೆಚ್ಚು ಅನುಕೂಲವಾಯಿತೆಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ಇದರಿಂದ ಯೋಜನೆಯ ಸಾಧನೆ ಸುಳ್ಳಾಗುವುದಿಲ್ಲ. ಒಂದೇ ವ್ಯವಸ್ಥೆ ಕೆಲವನ್ನು ಬೆಳಕಿಗೆ ತಂದು ಕೆಲವನ್ನು ಕತ್ತಲಲ್ಲೇ ಬಿಡಬಲ್ಲದೆಂಬುದು ಖಚಿತವಾಗುತ್ತದೆ.

ಎರಡನೆಯ ಪಾಠ ಲಿಪಿಯದು. ಯುನಿಕೋಡ್ ವ್ಯಾಪಕವಾಗಿ ಬಳಕೆಗೆ ಬರುವ ಮೊದಲು ಕನ್ನಡದ ಅಪಾರ ಬರಹ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತಗಳಲ್ಲಿ ಟೈಪಾಯಿತು. ಪರದೆಯ ಮೇಲೆ ಅದು ಅಚ್ಚಗನ್ನಡ. ಯಂತ್ರದೊಳಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಪಠ್ಯ ಗಣಿಗಾರಿಕೆಯ ವಿಧಾನಗಳಿಗೆ, ಹುಡುಕುವ ಯಂತ್ರಗಳಿಗೆ, ಭಾಷಾ ಮಾದರಿಗಳಿಗೆ ಪರಿವರ್ತನೆಯಾಗದ ಆ ಬರಹ ಕನ್ನಡವೆಂದು ತಿಳಿಯುವುದೇ ಇಲ್ಲ. ಕನ್ನಡದಲ್ಲಿ ದತ್ತಾಂಶ ಕಡಿಮೆ ಎಂಬ ಮಾತಿನ ಹಿಂದೆ ಬರೆದವರ ಕೊರತೆಯಷ್ಟೇ ಅಲ್ಲ, ಬರೆದಿಟ್ಟ ಕ್ರಮದ ಕೊರತೆಯೂ ಇದೆ.

ಮುಂದಿನ ದಾರಿ

ವಿದ್ಯೆ ಬೆಳೆಯಲು ಕೆಲಸದ ಹಂಚಿಕೆ ಬೇಕು, ಗಣನವಿಧಾನ ರೂಪಿಸುವವರೇ ಕಚೇರಿಯ ನಮೂನೆಗಳನ್ನೂ ಅಧ್ಯಯನ ಮಾಡಲಾಗದು ಎಂಬ ಮಾತು ನಿಜ. ಆದರೆ ಹಂಚಿಕೆಗೆ ಸೇತುವೆಗಳೂ ಬೇಕು, ಮತ್ತು ಅವು ಕಟ್ಟಲಾಗದಂಥವಲ್ಲ. ಒಂದು ಉತ್ತರ ಯಾವ ಮೂಲ ದಾಖಲೆಗಳಿಂದ ಬಂತೆಂದು ಹಿಂದಕ್ಕೆ ಜಾಡು ಹಿಡಿಯುವ ಸಿದ್ಧಾಂತವನ್ನು ಪೀಟರ್ ಬುನೆಮನ್, ಸಂಜೀವ್ ಖನ್ನಾ ಮತ್ತು ವಾಂಗ್-ಚಿಯೆವ್ ಟಾನ್ 2001ರಲ್ಲೇ ಮಂಡಿಸಿದ್ದಾರೆ. ಪ್ರತಿ ದತ್ತಸಮೂಹದ ಜತೆಗೂ ಅದನ್ನು ಯಾರು, ಏಕೆ, ಹೇಗೆ ಸಂಗ್ರಹಿಸಿದರು, ಏನು ಬಿಟ್ಟುಹೋಗಿದೆ ಎಂಬ ವಿವರಪತ್ರ ಇರಬೇಕೆಂದು ಟಿಮ್ನಿಟ್ ಗೆಬ್ರು ಮತ್ತು ಸಂಗಡಿಗರು 2018ರಲ್ಲಿ ಪ್ರಸ್ತಾಪಿಸಿದರು. ಇವು ಐಚ್ಛಿಕ ಶಿಷ್ಟಾಚಾರವಾಗಿ ಉಳಿಯದೆ, ಸಂಶೋಧನ ಪ್ರಬಂಧವನ್ನು ಒಪ್ಪುವ ಷರತ್ತಾಗಬೇಕು. ನಿಖರತೆಯ ಕೋಷ್ಟಕಕ್ಕೆ ಇರುವ ಸ್ಥಾನ ದಾಖಲೆಯ ಹುಟ್ಟಿನ ವಿವರಕ್ಕೂ ಸಿಗಬೇಕು. ಆಗ ಪಿಮಾ ದಾಖಲೆಯ ಸೊನ್ನೆಗಳು ಅಳೆಯದೆ ಬಿಟ್ಟವೆಂದು ವಿದ್ಯಾರ್ಥಿಗೆ ಮೊದಲ ದಿನವೇ ತಿಳಿಯುತ್ತದೆ, ಆಸ್ತಮಾ ರೋಗಿ ನಿಗಾ ಘಟಕದಲ್ಲಿದ್ದನೆಂದು ವೈದ್ಯಕೀಯ ಮಾದರಿ ಕಟ್ಟುವವರಿಗೆ ಗೊತ್ತಿರುತ್ತದೆ, ಪಹಣಿಯಲ್ಲಿ ಹೆಸರಿಲ್ಲದ ಉಳುವವನಿಗೂ ಒಂದು ಅಂಕಣ ಬೇಕೆಂದು ನೀತಿ ರೂಪಿಸುವವರು ಕೇಳಿಕೊಳ್ಳುತ್ತಾರೆ.